ಕಟ್ಟುವ ಜಾಗ, ಓಡುವ ಜಾಗ: ಮಾಡ್ಯೂಲ್‌ಗಳ ಪ್ಯಾಕೇಜಿನಲ್ಲಿ ಡೈರೆಕ್ಟರಿಗಳನ್ನು ಜೋಡಿಸುವ ಬಗೆ

ಬ್ಯಾಡಗಿಯ ಒಂದು ದಲಾಲಿ ಅಂಗಡಿಗೆ ನಾವು ಹುಬ್ಬಳ್ಳಿಯಿಂದ ಹೋಗಿ ಕೂರಿಸಿ ಬಂದಿದ್ದ ಬಿಲ್ಲಿಂಗ್ ಸಾಫ್ಟ್‌ವೇರ್, ಮೆಣಸಿನಕಾಯಿಯ ಆವಕ ಜೋರಾಗಿದ್ದ ಒಂದು ಫೆಬ್ರವರಿ ಬೆಳಿಗ್ಗೆ ಏಳಲೇ ಇಲ್ಲ. ಹತ್ತೂವರೆಯ ಸುಮಾರಿಗೆ ಕರೆಂಟ್ ಹೋಗಿ ಬಂದಿತ್ತು. ಕಂಪ್ಯೂಟರ್ ತಾನಾಗಿ ಶುರುವಾಯಿತು, ಆದರೆ ಬಿಲ್ಲಿನ ಸೇವೆ ಮಾತ್ರ "ಇನ್ನೊಂದು ಪ್ರತಿ ಈಗಾಗಲೇ ಓಡುತ್ತಿದೆ" ಎಂದು ಹೇಳಿ ನಿಂತುಬಿಡುತ್ತಿತ್ತು. "ಅಂಗಡಿ ಮುಂದ ರೈತರು ನಿಂತಾರ್ರಿ ಸರ, ಬಿಲ್ಲ ಬರವಲ್ದು" ಎಂದು ಗುಮಾಸ್ತರು ಫೋನಿನಲ್ಲಿ ಹೇಳಿದಾಗ, ನಮ್ಮ ಮೂವರಲ್ಲಿ ಒಬ್ಬರು ಗಡಿಬಿಡಿಯಲ್ಲಿ "ಬಿಲ್ಡ್ ಫೋಲ್ಡರ್ ಅಳಿಸಿ ಹೊಸದಾಗಿ ಕಟ್ಟಿಬಿಡಿ" ಎಂದು ಹೇಳಿಕೊಟ್ಟರು (ಬಿಲ್ಡ್ ಎಂದರೆ ಕೋಡಿನಿಂದ ಓಡುವ ಪ್ರೋಗ್ರಾಮ್ ಕಟ್ಟುವುದು). ಅವರು ಹೇಳಿದ ಹಾಗೆ ಮಾಡಿದ ಮೇಲೆ ಸೇವೆಯೇನೋ ಎದ್ದಿತು, ಆದರೆ ಅಂದು ಬೆಳಗಿನಿಂದ ತೂಗಿದ್ದ ಚೀಲಗಳ ಲೆಕ್ಕವೆಲ್ಲ ಮಾಯವಾಗಿತ್ತು, ಏಕೆಂದರೆ ಡೇಟಾಬೇಸ್ ಫೈಲ್ ಕುಳಿತಿದ್ದುದು ಅದೇ ಬಿಲ್ಡ್ ಫೋಲ್ಡರಿನ ಒಳಗೆ. ಹಮಾಲರ ಕೈಯಲ್ಲಿದ್ದ ತೂಕದ ಚೀಟಿಗಳನ್ನು ಕೇಳಿ ತಂದು, ರಾತ್ರಿ ಒಂಬತ್ತರವರೆಗೆ ಒಂದೊಂದಾಗಿ ಮತ್ತೆ ದಾಖಲಿಸಬೇಕಾಯಿತು.

ತಪ್ಪು ಪೂರ್ತಿ ನಮ್ಮದೇ. ಓಡುತ್ತಿರುವ ಪ್ರೋಗ್ರಾಮಿಗೆ ಕಂಪ್ಯೂಟರ್ ಕೊಡುವ ಗುರುತಿನ ಸಂಖ್ಯೆಯನ್ನು ಬರೆದಿಡುವ ಪಿಐಡಿ ಫೈಲನ್ನು ನಾವು ಪ್ರೋಗ್ರಾಮಿನ ಪಕ್ಕದಲ್ಲೇ, ಡಿಸ್ಕಿನ ಮೇಲೆ ಇಟ್ಟಿದ್ದೆವು. ಕರೆಂಟ್ ಹೋದಾಗ ಪ್ರೋಗ್ರಾಮ್ ಸತ್ತಿತು, ಫೈಲ್ ಉಳಿಯಿತು. ಮತ್ತೆ ಶುರುವಾದಾಗ ಆ ಫೈಲಿನಲ್ಲಿದ್ದ ಸಂಖ್ಯೆ ಪ್ರಿಂಟರಿಗೆ ಸಂಬಂಧಿಸಿದ ಬೇರೊಂದು ಪ್ರೋಗ್ರಾಮಿಗೆ ಸಿಕ್ಕಿತ್ತು. "ಈ ಸಂಖ್ಯೆಯ ಪ್ರೋಗ್ರಾಮ್ ಬದುಕಿದೆಯೇ" ಎಂದು ನಮ್ಮ ಸೇವೆ ಕೇಳಿದಾಗ "ಹೌದು" ಎಂಬ ಉತ್ತರ ಬಂದಿತು. ಕೋಡಿನಲ್ಲಿ ಒಂದು ಸಾಲೂ ಕೆಟ್ಟಿರಲಿಲ್ಲ. ಕೆಟ್ಟದ್ದು ಫೈಲುಗಳು ಇದ್ದ ಜಾಗ. ಆ ವಾರವೇ ಕೂತು ಎಲ್ಲ ಡೈರೆಕ್ಟರಿಗಳನ್ನು ಮೊದಲಿನಿಂದ ಜೋಡಿಸಿದೆವು. ಆಗ ಕಲಿತ ಕ್ರಮವನ್ನೇ ಇಲ್ಲಿ ಬರೆಯುತ್ತಿದ್ದೇನೆ.

ಉದಾಹರಣೆಗಾಗಿ ಪ್ಯಾಕೇಜಿಗೆ "ರಾಶಿ" ಎಂದು ಹೆಸರಿಟ್ಟುಕೊಳ್ಳೋಣ. ಅದರಲ್ಲಿ ತೂಕ, ಲಾಟು, ಬಿಲ್ಲು, ವರದಿ ಎಂಬ ನಾಲ್ಕು ಮಾಡ್ಯೂಲ್‌ಗಳು, ಅಂದರೆ ಒಂದೊಂದು ಕೆಲಸ ನೋಡಿಕೊಳ್ಳುವ ಬಿಡಿ ಭಾಗಗಳು, ಇವೆ. ಸಿ++ ಭಾಷೆ, ಸಿಮೇಕ್ ಎಂಬ ಬಿಲ್ಡ್ ಸಾಧನ, ಅಂಗಡಿಯಲ್ಲಿ ಲಿನಕ್ಸ್ ಕಂಪ್ಯೂಟರ್. ದಾರಿಗಳನ್ನು, ಅಂದರೆ ಫೈಲಿರುವ ಜಾಗದ ವಿಳಾಸಗಳನ್ನು, ಓದಿಗೆ ಅನುಕೂಲವಾಗಲೆಂದು ಕನ್ನಡದಲ್ಲೇ ಬರೆದಿದ್ದೇನೆ; ಟೈಪ್ ಮಾಡುವಾಗ ಅವು ಎಂದಿನ ಇಂಗ್ಲಿಷ್ ಹೆಸರುಗಳೇ.

ಮೊದಲು ಕೇಳಬೇಕಾದ ಪ್ರಶ್ನೆ

ಯಾವ ಫೈಲನ್ನು ಎಲ್ಲಿಡಬೇಕು ಎಂದು ನೇರವಾಗಿ ಯೋಚಿಸಲು ಹೊರಟರೆ ಚರ್ಚೆ ಮುಗಿಯುವುದಿಲ್ಲ. ಬದಲಿಗೆ ಪ್ರತಿಯೊಂದು ಫೈಲಿನ ಬಗ್ಗೆ "ಇದು ಕಳೆದುಹೋದರೆ ಮರಳಿ ತರುವವರು ಯಾರು?" ಎಂದು ಕೇಳಿಕೊಳ್ಳಿ. ನಮ್ಮ ಕಡೆ ರೈತರು ಬೀಜದ ಜೋಳವನ್ನು ಉಣ್ಣುವ ಜೋಳದ ಜೊತೆ ಬೆರೆಸುವುದಿಲ್ಲ, ಹೊಟ್ಟನ್ನಂತೂ ಕಣದಲ್ಲೇ ತೂರಿ ಬೇರೆ ಮಾಡುತ್ತಾರೆ. ಮೂರೂ ಒಂದೇ ತೆನೆಯಿಂದ ಬಂದರೂ ಮೂರರ ಬಾಳು ಬೇರೆ ಬೇರೆ. ಪ್ಯಾಕೇಜಿನ ಫೈಲುಗಳದೂ ಹಾಗೆಯೇ.

ಮನುಷ್ಯರು ಬರೆದ ಕೋಡನ್ನು ಅದರ ಹಳೆಯ ಆವೃತ್ತಿಗಳನ್ನೂ ಕಾಪಾಡುವ ಗಿಟ್ ಭಂಡಾರದಿಂದ ಮರಳಿ ತರಬಹುದು. ಕೋಡನ್ನು ಯಂತ್ರದ ಭಾಷೆಗೆ ತಿರುಗಿಸುವ ಕಂಪೈಲರ್ ಹುಟ್ಟಿಸಿದ ಆಬ್ಜೆಕ್ಟ್ ಫೈಲುಗಳು, ಲೈಬ್ರರಿಗಳು, ತಾನಾಗಿ ತಯಾರಾದ ಹೆಡರುಗಳು (ಬೇರೆ ಕೋಡು ಬಳಸಿಕೊಳ್ಳುವ ಘೋಷಣೆಗಳ ಫೈಲುಗಳು) ಕಳೆದರೆ ಕಂಪ್ಯೂಟರೇ ಮತ್ತೆ ಮಾಡಿಕೊಡುತ್ತದೆ, ಹೋಗುವುದು ಸಮಯ ಮಾತ್ರ. ಅಂಗಡಿಯವರು ಬದಲಿಸಿಕೊಂಡ ಸಂರಚನೆ, ಅಂದರೆ ದಲಾಲಿಯ ಶೇಕಡಾವಾರು, ಪ್ರಿಂಟರಿನ ಹೆಸರು, ಚೀಲದ ತೂಕದ ಕಡಿತ ಇಂಥವು ಕಳೆದರೆ ಅಂಗಡಿಯವರನ್ನೇ ಮತ್ತೆ ಕೇಳಬೇಕು. ತೂಕದ ದಾಖಲೆಗಳು ಕಳೆದರೆ ಯಾರೂ ಮರಳಿ ತರಲಾರರು. ಚೀಟಿ ಉಳಿದಿದ್ದರೆ ಅದು ಅದೃಷ್ಟ. ಕ್ಯಾಶ್, ಅಂದರೆ ಮತ್ತೆ ಲೆಕ್ಕ ಹಾಕುವ ಶ್ರಮ ಉಳಿಸಲು ಇಟ್ಟುಕೊಂಡ ಪ್ರತಿ, ಕಳೆದರೆ ಪ್ರೋಗ್ರಾಮ್ ಸ್ವಲ್ಪ ಹೊತ್ತು ನಿಧಾನವಾಗುತ್ತದೆ ಅಷ್ಟೆ. ಇನ್ನು ಪಿಐಡಿ ಫೈಲ್, ಪ್ರೋಗ್ರಾಮ್‌ಗಳು ಮಾತಾಡಿಕೊಳ್ಳುವ ಸಾಕೆಟ್, ಎರಡನೆಯ ಪ್ರತಿ ಓಡದಂತೆ ತಡೆಯುವ ಲಾಕ್ ಮುಂತಾದವು ಕಂಪ್ಯೂಟರ್ ನಿಂತಾಗ ಕಳೆದುಹೋಗಲೇಬೇಕು, ಉಳಿದರೆ ಅದೇ ತೊಂದರೆ. ಈ ಆರು ಬಗೆಗಳಲ್ಲಿ ಎರಡು ಬಗೆಯವು ಒಂದೇ ಡೈರೆಕ್ಟರಿಯಲ್ಲಿ ಸೇರಿದ್ದರೆ, ಒಂದನ್ನು ಅಳಿಸುವ ಕೈ ಇನ್ನೊಂದನ್ನೂ ಅಳಿಸುತ್ತದೆ.

ಕೆಲಸ ಶುರು ಮಾಡುವ ಮುನ್ನ, ಓಡುತ್ತಿರುವ ನಿಮ್ಮ ಪ್ಯಾಕೇಜ್ ಮುಟ್ಟುವ ಫೈಲುಗಳನ್ನೆಲ್ಲ ಒಂದು ಹಾಳೆಯ ಮೇಲೆ ಬರೆದು, ಪ್ರತಿಯೊಂದರ ಮುಂದೆ ಈ ಪ್ರಶ್ನೆಯ ಉತ್ತರವನ್ನು ಬರೆಯಿರಿ. ಲಿನಕ್ಸಿನಲ್ಲಿ ಎಸ್‌ಟ್ರೇಸ್ ಸಾಧನದಿಂದ ಫೈಲ್ ತೆರೆಯುವ ಕರೆಗಳನ್ನು ಮಾತ್ರ ಸೋಸಿ ನೋಡಿದರೆ ಪಟ್ಟಿ ಸಿಗುತ್ತದೆ. ವರದಿ ಮಾಡ್ಯೂಲ್ ಗುಟ್ಟಾಗಿ ತೂಕ ಮಾಡ್ಯೂಲಿನ ತಾತ್ಕಾಲಿಕ ಫೈಲನ್ನು ಓದುತ್ತಿದೆ ಎಂಬ ಸಂಗತಿ ನಮಗೆ ಗೊತ್ತಾದದ್ದು ಹೀಗೆ.

ಮೂಲ ಕೋಡಿನ ಜೋಡಣೆ

ಇಲ್ಲಿ ಹೆಚ್ಚು ಹೇಳುವಂಥದ್ದಿಲ್ಲ, ಆದರೆ ಒಂದು ಆಯ್ಕೆಯನ್ನು ಮೊದಲೇ ಮಾಡಬೇಕು. ಎಲ್ಲ ಹೆಡರುಗಳು ಒಂದು ಕಡೆ, ಎಲ್ಲ ಸಿ++ ಫೈಲುಗಳು ಇನ್ನೊಂದು ಕಡೆ, ಎಲ್ಲ ಪರೀಕ್ಷೆಗಳು ಮತ್ತೊಂದು ಕಡೆ ಎಂದು ಫೈಲಿನ ಜಾತಿಯ ಮೇಲೆ ಹಂಚುವ ಪದ್ಧತಿ ಉಂಟು. ಪ್ರತಿ ಮಾಡ್ಯೂಲಿಗೆ ಒಂದು ಡೈರೆಕ್ಟರಿ ಕೊಟ್ಟು ಅದರೊಳಗೆ ಹೆಡರು, ಕೋಡು, ಪರೀಕ್ಷೆ, ಡೇಟಾ ಎಂದು ಹಂಚುವ ಪದ್ಧತಿಯೂ ಉಂಟು. ಮಾಡ್ಯೂಲ್‌ಗಳಿರುವ ಪ್ಯಾಕೇಜಿಗೆ ಎರಡನೆಯದೇ ಸರಿ ಎಂಬುದು ನನ್ನ ಅಭಿಪ್ರಾಯ. ಲಾಟು ಮಾಡ್ಯೂಲನ್ನು ಬೇಡವೆಂದು ತೆಗೆಯಬೇಕಾದ ದಿನ ಒಂದು ಡೈರೆಕ್ಟರಿ ಅಳಿಸಿ, ಮೇಲಿನ ಸಿಮೇಕ್ ಫೈಲಿನಲ್ಲಿ ಒಂದು ಸಾಲು ತೆಗೆದರೆ ಕೆಲಸ ಮುಗಿಯಬೇಕು. ಐದು ಕಡೆ ಹುಡುಕಬೇಕಾಗಿ ಬಂದರೆ ಅದು ಹೆಸರಿಗಷ್ಟೇ ಮಾಡ್ಯೂಲ್.

ಪ್ರತಿ ಮಾಡ್ಯೂಲಿನಲ್ಲಿ ಇತರರು ಬಳಸಬಹುದಾದ ಹೆಡರುಗಳನ್ನು "ಇನ್‌ಕ್ಲೂಡ್" ಎಂಬ ಒಳಡೈರೆಕ್ಟರಿಯಲ್ಲಿಯೂ, ಒಳಗುಟ್ಟಿನವನ್ನು "ಎಸ್‌ಆರ್‌ಸಿ"ಯಲ್ಲಿಯೂ ಇಡಿ. ಇನ್‌ಕ್ಲೂಡ್ ಒಳಗೆ ನೇರವಾಗಿ ಹೆಡರುಗಳನ್ನು ಸುರಿಯದೆ, ರಾಶಿ/ತೂಕ ಎಂಬ ಇನ್ನೆರಡು ಮಟ್ಟ ಇಳಿದು ಅಲ್ಲಿ ಇಡಿ. ಹೀಗೆ ಮಾಡಿದರೆ ಕೋಡಿನಲ್ಲಿ ಹೆಡರನ್ನು ಕರೆಯುವ ಸಾಲು ಬಿಲ್ಡ್ ಸಮಯದಲ್ಲಿಯೂ ಇನ್‌ಸ್ಟಾಲ್ ಆದ ಮೇಲೂ ಒಂದೇ ಇರುತ್ತದೆ, "ಯುಟಿಲ್" ಎಂಬ ಹೆಸರಿನ ಮೂರು ಹೆಡರುಗಳು ಒಂದಕ್ಕೊಂದು ಡಿಕ್ಕಿ ಹೊಡೆಯುವುದೂ ಇಲ್ಲ.

ಬಿಲ್ಡ್ ಡೈರೆಕ್ಟರಿ: ಮೂಲದ ಹೊರಗೆ, ಮೂಲವನ್ನು ಮುಟ್ಟದೆ

ಬೆಲ್ ಲ್ಯಾಬ್ಸ್‌ನಲ್ಲಿ ಸ್ಟುವರ್ಟ್ ಫೆಲ್ಡ್‌ಮನ್ 1976ರಲ್ಲಿ ಮೇಕ್ ಎಂಬ ಬಿಲ್ಡ್ ಸಾಧನ ಬರೆದ ಕಾಲದಿಂದ, ಕೋಡಿನ ಪಕ್ಕದಲ್ಲೇ ಆಬ್ಜೆಕ್ಟ್ ಫೈಲುಗಳನ್ನು ಉದುರಿಸುವ ಅಭ್ಯಾಸ ಬೆಳೆದು ಬಂದಿದೆ. ಸಣ್ಣ ಪ್ರೋಗ್ರಾಮಿಗೆ ಅದು ನಡೆಯುತ್ತದೆ. ಮಾಡ್ಯೂಲ್‌ಗಳಿರುವ ಪ್ಯಾಕೇಜಿಗೆ ನಡೆಯುವುದಿಲ್ಲ, ಏಕೆಂದರೆ ಒಂದೇ ಕೋಡಿನಿಂದ ನೀವು ಒಂದಕ್ಕಿಂತ ಹೆಚ್ಚು ಬಿಲ್ಡ್ ಮಾಡುತ್ತೀರಿ: ದೋಷ ಹುಡುಕಲು ಒಂದು, ಗ್ರಾಹಕರಿಗೆ ಕೊಡಲು ಒಂದು, ಮೆಮೊರಿಯ ತಪ್ಪುಗಳನ್ನು ಹಿಡಿಯುವ ಸ್ಯಾನಿಟೈಸರ್ ಹಾಕಿ ಇನ್ನೊಂದು. ಮೂರಕ್ಕೂ ಆಬ್ಜೆಕ್ಟ್ ಫೈಲಿನ ಹೆಸರು ಒಂದೇ, ಒಳಗಿನ ಹೂರಣ ಬೇರೆ. ಮೆಸಾನ್ ಎಂಬ ಬಿಲ್ಡ್ ಸಾಧನ ಕೋಡಿನ ಡೈರೆಕ್ಟರಿಯೊಳಗೇ ಬಿಲ್ಡ್ ಮಾಡಲು ಒಪ್ಪುವುದೇ ಇಲ್ಲ. ಸಿಮೇಕ್ ಒಪ್ಪುತ್ತದೆ, ಆದ್ದರಿಂದ ತಡೆಯುವ ಹೊಣೆ ನಮ್ಮ ಮೇಲೆ ಬೀಳುತ್ತದೆ. ಮೇಲಿನ ಮಟ್ಟದ ಸಿಮೇಕ್ ಫೈಲಿನ ಆರಂಭದಲ್ಲೇ ಮೂಲದ ಡೈರೆಕ್ಟರಿಯನ್ನೂ ಬಿಲ್ಡ್ ಡೈರೆಕ್ಟರಿಯನ್ನೂ ಹೋಲಿಸಿ, ಎರಡೂ ಒಂದೇ ಆಗಿದ್ದರೆ ಮಾರಕ ದೋಷದ ಸಂದೇಶ ಕೊಟ್ಟು ನಿಲ್ಲಿಸುವ ನಾಲ್ಕು ಸಾಲು ಸೇರಿಸಿ. ಆ ತಡೆ ಕೆಲಸ ಮಾಡುವ ಹೊತ್ತಿಗೆ ಸಿಮೇಕ್ ತನ್ನ ಕ್ಯಾಶ್ ಫೈಲನ್ನು ಅಲ್ಲಿ ಬರೆದುಬಿಟ್ಟಿರಬಹುದು; ಅದನ್ನು ಕೈಯಾರೆ ಅಳಿಸದಿದ್ದರೆ, ಮುಂದೆ ಸರಿಯಾದ ಜಾಗದಲ್ಲಿ ಬಿಲ್ಡ್ ಮಾಡಲು ಹೊರಟಾಗಲೂ ಅದು ಅಡ್ಡ ಬರಬಹುದು.

ಬಿಲ್ಡ್ ಮಾಡುವಾಗ ಸಿಮೇಕ್‌ಗೆ ದೊಡ್ಡ ಎಸ್ ಆಯ್ಕೆಯಿಂದ ಮೂಲದ ಜಾಗವನ್ನು, ದೊಡ್ಡ ಬಿ ಆಯ್ಕೆಯಿಂದ ಬಿಲ್ಡ್‌ನ ಜಾಗವನ್ನು ಪ್ರತಿ ಸಲವೂ ಬಿಡಿಸಿ ಹೇಳಿ. ನಾವು "ಬಿಲ್ಡ್" ಎಂಬ ಒಂದು ಡೈರೆಕ್ಟರಿ ಇಟ್ಟುಕೊಂಡು, ಅದರೊಳಗೆ "ಡೀಬಗ್", "ರಿಲೀಸ್", "ಎಸ್ಯಾನ್" (ಸ್ಯಾನಿಟೈಸರ್ ಹಾಕಿದ್ದು) ಎಂದು ಬಗೆಗೊಂದು ಕೋಣೆ ಮಾಡಿದ್ದೇವೆ. ಈ ಹೆಸರುಗಳನ್ನು ಯಾರೂ ನೆನಪಿನಿಂದ ಟೈಪ್ ಮಾಡಬಾರದು; ಬಿಲ್ಡ್‌ನ ಆಯ್ಕೆಗಳನ್ನು ಉಳಿಸಿಡುವ ಸಿಮೇಕ್ ಪ್ರೀಸೆಟ್ ಫೈಲಿನಲ್ಲಿ ಒಮ್ಮೆ ಬರೆದಿಟ್ಟರೆ ತಂಡದ ಎಲ್ಲರ ಬಿಲ್ಡೂ ಒಂದೇ ಜಾಗದಲ್ಲಿ ಆಗುತ್ತದೆ.

ತಾನಾಗಿ ತಯಾರಾಗುವ ಕೋಡಿನ ವಿಷಯದಲ್ಲಿ ಬಹಳ ಜನ ಎಡವುತ್ತಾರೆ. ಆವೃತ್ತಿಯ ಸಂಖ್ಯೆ ಇರುವ ಹೆಡರು, ಪ್ರೋಟೊಬಫ್ ಎಂಬ ಸಾಧನದಿಂದ ಬಂದ ಕೋಡು, ಅನುವಾದದ ಸಂಕಲಿತ ಫೈಲುಗಳು ಇವೆಲ್ಲ ಕೋಡಿನಂತೆ ಕಾಣುವುದರಿಂದ ಮೂಲದ ಡೈರೆಕ್ಟರಿಯಲ್ಲಿ ಇಡಬೇಕೆನ್ನಿಸುತ್ತದೆ. ಮೇಲಿನ ಪ್ರಶ್ನೆಯನ್ನೇ ಕೇಳಿ: ಕಳೆದರೆ ಕಂಪ್ಯೂಟರ್ ಮತ್ತೆ ಮಾಡಿಕೊಡುತ್ತದೆ, ಆದ್ದರಿಂದ ಅದರ ಜಾಗ ಬಿಲ್ಡ್ ಡೈರೆಕ್ಟರಿಯೊಳಗೆ, ಆಯಾ ಮಾಡ್ಯೂಲಿಗೆ ಸೇರಿದ ಕೋಣೆಯಲ್ಲಿ. ಸಿಮೇಕ್‌ನಲ್ಲಿ ಇದಕ್ಕೆ "ಕರೆಂಟ್ ಬೈನರಿ ಡೈರ್" ಎಂಬ ಚರಾಕ್ಷರ (ವೇರಿಯಬಲ್) ಇದೆ. ಅದರ ಬದಲು ಅತಿ ಮೇಲಿನ ಮಟ್ಟದ "ಸೋರ್ಸ್ ಡೈರ್" ಚರಾಕ್ಷರವನ್ನು ಆಧರಿಸಿ ದಾರಿ ಬರೆದರೆ, ನಿಮ್ಮ ಪ್ಯಾಕೇಜನ್ನು ಬೇರೊಬ್ಬರು ತಮ್ಮ ಪ್ಯಾಕೇಜಿನ ಒಳಭಾಗವಾಗಿ ಸೇರಿಸಿಕೊಂಡ ದಿನ ಅದು ಅವರ ಮೂಲವನ್ನು ತೋರಿಸುತ್ತದೆ, ನಿಮ್ಮದನ್ನಲ್ಲ. ಮಾಡ್ಯೂಲಿನೊಳಗಿನ ಸಿಮೇಕ್ ಫೈಲುಗಳಲ್ಲಿ ಆ ಮೇಲಿನ ಮಟ್ಟದ ಹೆಸರು ಕಾಣಲೇಬಾರದು ಎಂಬ ನಿಯಮ ಇಟ್ಟುಕೊಂಡು, ಫೈಲುಗಳೊಳಗೆ ಪದ ಹುಡುಕುವ ಗ್ರೆಪ್ ಸಾಧನ ಹಾಕಿ ಹುಡುಕಿ. ನಮ್ಮಲ್ಲಿ ಹನ್ನೊಂದು ಕಡೆ ಸಿಕ್ಕಿತ್ತು.

ನಾಲ್ಕು ಮಾಡ್ಯೂಲ್‌ಗಳ ಲೈಬ್ರರಿಗಳು ಬಿಲ್ಡ್ ಡೈರೆಕ್ಟರಿಯ ನಾಲ್ಕು ಮೂಲೆಗಳಲ್ಲಿ ಚದುರಿರುವುದು ಲಿನಕ್ಸಿನಲ್ಲಿ ಅಷ್ಟಾಗಿ ಬಾಧಿಸುವುದಿಲ್ಲ, ಏಕೆಂದರೆ ಲೈಬ್ರರಿ ಎಲ್ಲಿದೆ ಎಂಬುದನ್ನು ಸಿಮೇಕ್ ಬೈನರಿಯೊಳಗೆ ಆರ್‌ಪಾತ್ ಎಂಬ ಸಾಲಿನಲ್ಲಿ ಬರೆದಿರುತ್ತದೆ. ವಿಂಡೋಸಿನಲ್ಲಿ ಆ ಸೌಲಭ್ಯವಿಲ್ಲ. ಅಲ್ಲಿನ ಲೈಬ್ರರಿಯಾದ ಡಿಎಲ್‌ಎಲ್ ಫೈಲ್ ಪ್ರೋಗ್ರಾಮಿನ ಪಕ್ಕದಲ್ಲೇ ಇರುವುದು ಕ್ಷೇಮ. ಹಾಗಾಗಿ ಎರಡರಲ್ಲೂ ಓಡಬೇಕಾದ ಪ್ಯಾಕೇಜಾದರೆ, ಬಿಲ್ಡ್ ಡೈರೆಕ್ಟರಿಯೊಳಗೆ ಬಿನ್ ಮತ್ತು ಲಿಬ್ ಎಂಬ ಎರಡು ಸಾಮಾನ್ಯ ಕೋಣೆಗಳನ್ನು ಮಾಡಿ, ಔಟ್‌ಪುಟ್ ಡೈರೆಕ್ಟರಿಯ ಚರಾಕ್ಷರಗಳ ಮೂಲಕ ಎಲ್ಲ ಮಾಡ್ಯೂಲ್‌ಗಳ ಫಲವೂ ಅಲ್ಲಿಗೇ ಬಂದು ಬೀಳುವಂತೆ ಮಾಡಿ. ಸಿಮೇಕ್ ಡಿಎಲ್‌ಎಲ್‌ಗಳನ್ನು ಲೈಬ್ರರಿಯೆಂದು ಎಣಿಸದೆ ರನ್‌ಟೈಮ್ ಎಂದು ಎಣಿಸುವುದರಿಂದ ಅವು ತಾವಾಗಿ ಬಿನ್ ಸೇರುತ್ತವೆ.

ಬಿಲ್ಡ್ ಡೈರೆಕ್ಟರಿಯನ್ನು ಕಾಪಿ ಮಾಡಿ ಬೇರೆ ಕಡೆ ಒಯ್ಯಬೇಡಿ. ಸಿಮೇಕ್‌ನ ಕ್ಯಾಶ್ ಫೈಲಿನಲ್ಲಿ ಪೂರ್ತಿ ದಾರಿಗಳು ಬರೆದಿರುತ್ತವೆ. ಒಯ್ದ ಜಾಗದಲ್ಲಿ ಅದು ತಾನು ಹುಟ್ಟಿದ ಡೈರೆಕ್ಟರಿ ಇದಲ್ಲವೆಂದು ದೂರುತ್ತದೆ. ಬೇಕಾದಾಗ ಅಳಿಸಿ ಮತ್ತೆ ಕಟ್ಟುವುದೇ ಅದರ ಸ್ವಭಾವ. ಮತ್ತೆ ಕಟ್ಟಲು ಹೊತ್ತು ಹಿಡಿಯುತ್ತದೆ ಎಂಬ ಭಯವಿದ್ದರೆ, ಒಮ್ಮೆ ಕಂಪೈಲ್ ಆದದ್ದನ್ನು ಉಳಿಸಿಟ್ಟು ಮರುಬಳಸುವ ಸಿಸಿಕ್ಯಾಶ್ ಹಾಕಿಕೊಳ್ಳಿ. ಅದರ ಸಂಗ್ರಹ ಬಿಲ್ಡ್ ಡೈರೆಕ್ಟರಿಯ ಹೊರಗೆ, ಬಳಕೆದಾರರ ಮನೆ ಡೈರೆಕ್ಟರಿಯ ಕ್ಯಾಶ್ ಕೋಣೆಯಲ್ಲಿ ಇರುತ್ತದೆ, ಆದ್ದರಿಂದ ಬಿಲ್ಡ್ ಅಳಿಸಿದರೂ ಉಳಿಯುತ್ತದೆ. ಗಿಟ್‌ನ ಇಗ್ನೋರ್ ಫೈಲಿನಲ್ಲಿ ಬಿಲ್ಡ್ ಡೈರೆಕ್ಟರಿಯ ಹೆಸರನ್ನು ಬರೆಯುವಾಗ ಮುಂದೆ ಒಂದು ಓರೆಗೆರೆ ಹಾಕಿ. ಹಾಕದಿದ್ದರೆ ಯಾವುದೋ ಮಾಡ್ಯೂಲಿನೊಳಗೆ ಬಿಲ್ಡ್ ಎಂಬ ಹೆಸರಿನಲ್ಲಿ ಯಾರೋ ಬರೆದಿಟ್ಟ ಅಸಲಿ ಕೋಡೂ ಗಿಟ್‌ನ ಕಣ್ಣಿಗೆ ಬೀಳದೆ ಹೋಗುತ್ತದೆ.

ಎಲ್ಲ ಸರಿಯಾಗಿದೆಯೇ ಎಂದು ನೋಡಲು ಒಂದು ಗಟ್ಟಿ ಪರೀಕ್ಷೆ ಇದೆ. ಮೂಲದ ಡೈರೆಕ್ಟರಿಯಿಂದ ಬರೆಯುವ ಅನುಮತಿಯನ್ನು ಪೂರ್ತಿ ತೆಗೆದುಹಾಕಿ, ಬೇರೆ ಕಡೆ ಬಿಲ್ಡ್ ಮಾಡಿ. ಎಲ್ಲಿ "ಅನುಮತಿ ಇಲ್ಲ" ಎಂದು ಬರುತ್ತದೋ ಅಲ್ಲಿ ಯಾವುದೋ ಮಾಡ್ಯೂಲ್ ಮೂಲವನ್ನು ಮುಟ್ಟಲು ಹೋಗಿದೆ. ನಾವು ಈ ಪರೀಕ್ಷೆಯನ್ನು ಪ್ರತಿ ರಾತ್ರಿಯ ಬಿಲ್ಡ್‌ನಲ್ಲಿ ಸೇರಿಸಿದ್ದೇವೆ.

ಇನ್‌ಸ್ಟಾಲ್: ಸೇತುವೆಯ ಮೇಲಿನ ಗೇಟು

ಬಿಲ್ಡ್ ಡೈರೆಕ್ಟರಿಯಿಂದಲೇ ಪ್ರೋಗ್ರಾಮನ್ನು ಓಡಿಸುವುದು ಅಭಿವೃದ್ಧಿಯ ಮೇಜಿನ ಮೇಲೆ ಮಾತ್ರ ನಡೆಯಬೇಕು. ಗ್ರಾಹಕರ ಕಂಪ್ಯೂಟರಿನಲ್ಲಿ ಕಂಪೈಲರೇ ಇರಬಾರದು. ಬ್ಯಾಡಗಿಯಲ್ಲಿ ಅದು ಇತ್ತೆಂಬುದೇ ನಮ್ಮ ಮೊದಲ ತಪ್ಪು. ನಡುವೆ ಇನ್‌ಸ್ಟಾಲ್ ಎಂಬ ಹಂತವಿದೆ: ಬಿಲ್ಡ್‌ನಲ್ಲಿ ಹುಟ್ಟಿದ ನೂರಾರು ಫೈಲುಗಳಲ್ಲಿ ಯಾವುವು ಹೊರಗೆ ಹೋಗಬೇಕೆಂದು ಹೆಸರಿಟ್ಟು ಹೇಳುವ ಹಂತ. ಪ್ರತಿ ಮಾಡ್ಯೂಲ್ ತನ್ನ ಸಿಮೇಕ್ ಫೈಲಿನಲ್ಲಿ ತನ್ನ ಇನ್‌ಸ್ಟಾಲ್ ಸಾಲುಗಳನ್ನು ತಾನೇ ಬರೆಯಲಿ, ಪ್ರತಿ ಸಾಲಿಗೂ ಕಾಂಪೊನೆಂಟ್ ಹೆಸರನ್ನು ಕೊಡಲಿ. ವರದಿ ಬೇಡವೆನ್ನುವ ಅಂಗಡಿಗೆ ಉಳಿದ ಮೂರನ್ನು ಮಾತ್ರ ಹಾಕಿಕೊಡಲು ಇದು ಬೇಕಾಗುತ್ತದೆ.

ಪ್ರಿಫಿಕ್ಸ್ ಮತ್ತು ಡೆಸ್ಟ್‌ಡೈರ್ ಎಂಬ ಎರಡು ಮಾತುಗಳನ್ನು ಅದಲು ಬದಲು ಮಾಡಬೇಡಿ. ಪ್ರೋಗ್ರಾಮ್ ಕೊನೆಗೆ ಎಲ್ಲಿ ಬಾಳಬೇಕೋ ಆ ಜಾಗ ಪ್ರಿಫಿಕ್ಸ್. ಹೇಳದಿದ್ದರೆ ಯುನಿಕ್ಸ್ ಜಾತಿಯ ವ್ಯವಸ್ಥೆಗಳಲ್ಲಿ ಅದು /ಯುಎಸ್‌ಆರ್/ಲೋಕಲ್ ಆಗಿರುತ್ತದೆ. ಪ್ಯಾಕೇಜ್ ಕಟ್ಟುವುದಕ್ಕೋಸ್ಕರ ಸದ್ಯಕ್ಕೆ ಎಲ್ಲಿ ಜೋಡಿಸಿಡಬೇಕೋ ಆ ಜಾಗ ಡೆಸ್ಟ್‌ಡೈರ್. ಅದು ಇನ್‌ಸ್ಟಾಲ್ ಹೊತ್ತಿನಲ್ಲಿ ದಾರಿಯ ಮುಂದೆ ಅಂಟಿಕೊಳ್ಳುತ್ತದೆ ಅಷ್ಟೆ, ಪ್ರೋಗ್ರಾಮಿನ ಒಳಗೆ ಎಲ್ಲೂ ಬರೆಯಲ್ಪಡುವುದಿಲ್ಲ. ಪ್ರಿಫಿಕ್ಸನ್ನೇ ತಾತ್ಕಾಲಿಕ ಜಾಗಕ್ಕೆ ಇಟ್ಟು ಪ್ಯಾಕೇಜ್ ಕಟ್ಟಿದರೆ, ನಿಮ್ಮ ಲ್ಯಾಪ್‌ಟಾಪಿನ ಮನೆ ಡೈರೆಕ್ಟರಿಯ ದಾರಿ ಹಾವೇರಿಯ ಯಾವುದೋ ಅಂಗಡಿಯ ದೋಷ ಸಂದೇಶದಲ್ಲಿ ಕಾಣಿಸಿಕೊಳ್ಳುತ್ತದೆ. ಬಿನ್, ಲಿಬ್, ಷೇರ್ ಎಂಬ ಹೆಸರುಗಳನ್ನೂ ಕೈಯಾರೆ ಬರೆಯದೆ ಸಿಮೇಕ್‌ನ ಗ್ನೂ ಇನ್‌ಸ್ಟಾಲ್ ಡೈರ್ಸ್ ಎಂಬ ಮಾಡ್ಯೂಲಿನಿಂದ ಪಡೆಯಿರಿ, ಏಕೆಂದರೆ ಫೆಡೋರಾ ಎಂಬ ಲಿನಕ್ಸ್ ಬಗೆಯಲ್ಲಿ ಲಿಬ್64 ಇರುವ ಕಡೆ ಡೆಬಿಯನ್ ಎಂಬ ಇನ್ನೊಂದರಲ್ಲಿ ಬೇರೆಯೇ ದಾರಿ ಇರುತ್ತದೆ.

ಇನ್‌ಸ್ಟಾಲ್ ಆಗುವಾಗ ಸಿಮೇಕ್ ಬಿಲ್ಡ್ ಡೈರೆಕ್ಟರಿಯ ಆರ್‌ಪಾತ್ ಸಾಲನ್ನು ಅಳಿಸಿಬಿಡುತ್ತದೆ. ಅದು ಸರಿಯಾದದ್ದೇ, ಆದರೆ "ನನ್ನ ಮೇಜಿನ ಮೇಲೆ ಓಡುತ್ತಿತ್ತು, ಅಲ್ಲಿ ಲೈಬ್ರರಿ ಸಿಗುವುದಿಲ್ಲ ಎನ್ನುತ್ತಿದೆ" ಎಂಬ ಫೋನ್ ಕರೆ ಬರುವುದು ಇದರಿಂದಲೇ. ಎಲ್‌ಡಿ ಲೈಬ್ರರಿ ಪಾತ್ ಎಂಬ ಪರಿಸರದ ಚರಾಕ್ಷರವನ್ನು ಸ್ಕ್ರಿಪ್ಟಿನಲ್ಲಿ ಹಾಕಿ ಮುಗಿಸುವ ಆಸೆಯಾಗುತ್ತದೆ. ಹಾಗೆ ಮಾಡಬೇಡಿ, ಆ ಸ್ಕ್ರಿಪ್ಟ್ ಕರೆಯುವ ಬೇರೆ ಪ್ರೋಗ್ರಾಮ್‌ಗಳಿಗೂ ಅದು ಹರಡುತ್ತದೆ. ಇನ್‌ಸ್ಟಾಲ್ ಆರ್‌ಪಾತ್‌ಗೆ ಡಾಲರ್ ಒರಿಜಿನ್ ಎಂಬ ಗುರುತಿನಿಂದ ಆರಂಭಿಸಿ, ಒಂದು ಮಟ್ಟ ಮೇಲೆ ಹೋಗಿ ಲಿಬ್/ರಾಶಿ ಎಂದು ಬರೆಯಿರಿ. ಪ್ರೋಗ್ರಾಮ್ ಎಲ್ಲಿದೆಯೋ ಅಲ್ಲಿಂದ ಲೆಕ್ಕ ಹಾಕಿ ಲೈಬ್ರರಿ ಹುಡುಕು ಎಂದು ಅದರ ಅರ್ಥ.

ಓಡುವಾಗಿನ ಡೈರೆಕ್ಟರಿಗಳು

ಲಿನಕ್ಸಿನಲ್ಲಿ ಯಾವುದು ಎಲ್ಲಿರಬೇಕೆಂಬ ಒಪ್ಪಂದ 1994ರಿಂದ ಲಿಖಿತ ರೂಪದಲ್ಲಿದೆ. ಫೈಲ್‌ಸಿಸ್ಟಮ್ ಹೈರಾರ್ಕಿ ಸ್ಟ್ಯಾಂಡರ್ಡ್ ಎಂಬ ಹೆಸರಿನ ಅದರ 3.0 ಆವೃತ್ತಿ 2015ರಲ್ಲಿ ಬಂದಿತು, /ರನ್ ಡೈರೆಕ್ಟರಿ ಅದರಲ್ಲಿ ಅಧಿಕೃತವಾಗಿ ಸೇರಿತು. ಆ ಒಪ್ಪಂದದ ಮೂಲ ವಿಚಾರ ನಮ್ಮ ಪ್ರಶ್ನೆಗೆ ಹತ್ತಿರವೇ ಇದೆ: ಬದಲಾಗುವ ಫೈಲು ಯಾವುದು, ಬದಲಾಗದ್ದು ಯಾವುದು, ಹಲವು ಕಂಪ್ಯೂಟರುಗಳು ಹಂಚಿಕೊಳ್ಳಬಹುದಾದದ್ದು ಯಾವುದು, ಈ ಒಂದಕ್ಕೇ ಸೇರಿದ್ದು ಯಾವುದು.

ನಾವು ರಾಶಿಯನ್ನು ಹೀಗೆ ಹಂಚಿದೆವು. ಪ್ರೋಗ್ರಾಮ್‌ಗಳು /ಯುಎಸ್‌ಆರ್/ಬಿನ್‌ನಲ್ಲಿ, ಮಾಡ್ಯೂಲ್‌ಗಳ ಲೈಬ್ರರಿಗಳು /ಯುಎಸ್‌ಆರ್/ಲಿಬ್/ರಾಶಿಯಲ್ಲಿ, ಬಿಲ್ಲಿನ ನಮೂನೆ ಹಾಗೂ ಕನ್ನಡ ಫಾಂಟುಗಳು /ಯುಎಸ್‌ಆರ್/ಷೇರ್/ರಾಶಿಯಲ್ಲಿ. ಓಡುತ್ತಿರುವ ಪ್ರೋಗ್ರಾಮ್ ಇವುಗಳಲ್ಲಿ ಒಂದಕ್ಷರವನ್ನೂ ಬರೆಯುವಂತಿಲ್ಲ. ಅಂಗಡಿಯ ಸಂರಚನೆ /ಇಟಿಸಿ/ರಾಶಿಯಲ್ಲಿ, ಮಾಡ್ಯೂಲಿಗೊಂದು ಫೈಲ್. ತೂಕದ ದಾಖಲೆಗಳು /ವರ್/ಲಿಬ್/ರಾಶಿಯಲ್ಲಿ, ಮಾಡ್ಯೂಲಿಗೊಂದು ಒಳಡೈರೆಕ್ಟರಿ. ಬ್ಯಾಕಪ್ ತೆಗೆಯಬೇಕಾದದ್ದು ಇದನ್ನು ಮತ್ತು ಇಟಿಸಿಯನ್ನು ಮಾತ್ರ. ವರದಿಯ ಲೆಕ್ಕದ ಸಂಗ್ರಹ /ವರ್/ಕ್ಯಾಶ್/ರಾಶಿಯಲ್ಲಿ, ಲಾಗು /ವರ್/ಲಾಗ್/ರಾಶಿಯಲ್ಲಿ. ಸಾಕೆಟ್ ಮತ್ತು ಲಾಕ್ /ರನ್/ರಾಶಿಯಲ್ಲಿ. /ರನ್ ಇರುವುದು ಮೆಮೊರಿಯಲ್ಲಾದ್ದರಿಂದ ಕರೆಂಟ್ ಹೋದಾಗ ಅದು ತಾನಾಗಿ ಖಾಲಿಯಾಗುತ್ತದೆ. ಬ್ಯಾಡಗಿಯ ಆ ಬೆಳಿಗ್ಗೆ ನಮಗೆ ಬೇಕಾಗಿದ್ದದ್ದು ಇಷ್ಟೇ. ಎಲ್ಲವನ್ನೂ ಒಂದೇ ಗೂಡಿನಲ್ಲಿ ಇಡಬಯಸುವವರಿಗೆ /ಆಪ್ಟ್/ರಾಶಿ ಎಂಬ ದಾರಿಯೂ ಇದೆ, ಆದರೆ ಅಲ್ಲಿಯೂ ಬದಲಾಗುವ ಫೈಲುಗಳಿಗೆ /ವರ್/ಆಪ್ಟ್, ಸಂರಚನೆಗೆ /ಇಟಿಸಿ/ಆಪ್ಟ್ ಎಂಬ ಬೇರೆ ಜಾಗಗಳೇ ನಿಗದಿಯಾಗಿವೆ.

ಈ ಡೈರೆಕ್ಟರಿಗಳನ್ನು ಸೃಷ್ಟಿಸುವ, ಮಾಲೀಕತ್ವ ಬದಲಿಸುವ ಕೋಡನ್ನು ಪ್ರೋಗ್ರಾಮಿನೊಳಗೆ ಬರೆಯುವ ಅಗತ್ಯವಿಲ್ಲ. ಲಿನಕ್ಸಿನಲ್ಲಿ ಸೇವೆಗಳನ್ನು ಎಬ್ಬಿಸಿ ನಿಲ್ಲಿಸುವ ಸಿಸ್ಟಮ್‌ಡಿಗೆ ಬರೆಯುವ ಸೇವೆಯ ಫೈಲಿನಲ್ಲಿ ಸ್ಟೇಟ್ ಡೈರೆಕ್ಟರಿ, ಕ್ಯಾಶ್ ಡೈರೆಕ್ಟರಿ, ಲಾಗ್ಸ್ ಡೈರೆಕ್ಟರಿ, ರನ್‌ಟೈಮ್ ಡೈರೆಕ್ಟರಿ ಎಂಬ ನಾಲ್ಕು ಸಾಲುಗಳ ಮುಂದೆ ರಾಶಿ ಎಂದಷ್ಟೇ ಬರೆದರೆ, ಸೇವೆ ಏಳುವ ಮುನ್ನ ಅವು ಸರಿಯಾದ ಬಳಕೆದಾರರ ಹೆಸರಿನಲ್ಲಿ ತಯಾರಾಗಿರುತ್ತವೆ, ಅವುಗಳ ದಾರಿಗಳೂ ಪರಿಸರದ ಚರಾಕ್ಷರಗಳಾಗಿ ಪ್ರೋಗ್ರಾಮಿಗೆ ಸಿಗುತ್ತವೆ. ರನ್‌ಟೈಮ್ ಡೈರೆಕ್ಟರಿಯನ್ನು ಸೇವೆ ನಿಂತ ಕೂಡಲೇ ಸಿಸ್ಟಮ್‌ಡಿ ಅಳಿಸುತ್ತದೆ ಎಂಬುದು ನೆನಪಿರಲಿ. ಸೇವೆ ನಿಂತರೂ ಉಳಿಯಬೇಕಾದದ್ದು ಅಲ್ಲಿರಬಾರದು. ಇದರ ಜೊತೆ ಪ್ರೊಟೆಕ್ಟ್ ಸಿಸ್ಟಮ್ ಎಂಬ ಸಾಲನ್ನು ಸ್ಟ್ರಿಕ್ಟ್ ಎಂದು ಇಟ್ಟರೆ, ಮೇಲೆ ಹೆಸರಿಸಿದ ಡೈರೆಕ್ಟರಿಗಳನ್ನು ಬಿಟ್ಟು ಹೆಚ್ಚುಕಡಿಮೆ ಇಡೀ ಡಿಸ್ಕ್ ಆ ಸೇವೆಯ ಪಾಲಿಗೆ ಓದಲು ಮಾತ್ರ ಎಂಬಂತಾಗುತ್ತದೆ. ಎಲ್ಲೆಂದರಲ್ಲಿ ಬರೆಯುವ ಚಟವಿದ್ದ ಮಾಡ್ಯೂಲ್ ಮೊದಲ ನಿಮಿಷದಲ್ಲೇ ಸಿಕ್ಕಿಬೀಳುತ್ತದೆ.

ಲಾಕ್ ಬಗ್ಗೆ ಇನ್ನೊಂದು ಮಾತು. ಪಿಐಡಿ ಸಂಖ್ಯೆಯನ್ನು ಓದಿ ನಿರ್ಧರಿಸುವ ಬದಲು ಲಾಕ್ ಫೈಲಿನ ಮೇಲೆ ಎಫ್‌ಲಾಕ್ ಎಂಬ ಬೀಗವನ್ನು ಹಿಡಿಯಿರಿ. ಪ್ರೋಗ್ರಾಮ್ ಹೇಗೇ ಸತ್ತರೂ ವ್ಯವಸ್ಥೆಯ ತಿರುಳಾದ ಕರ್ನೆಲ್ ಆ ಹಿಡಿತವನ್ನು ಬಿಡಿಸುತ್ತದೆ, ಫೈಲ್ ಉಳಿದರೂ ತೊಂದರೆಯಿಲ್ಲ.

ಡೇಟಾಬೇಸ್ ಎಸ್‌ಕ್ಯೂಲೈಟ್ ಆಗಿದ್ದರೆ ಅದಕ್ಕೆ ಫೈಲನ್ನಲ್ಲ, ಒಂದು ಡೈರೆಕ್ಟರಿಯನ್ನೇ ಕೊಡಿ. ವಾಲ್ ಕ್ರಮದಲ್ಲಿ, ಅಂದರೆ ಬದಲಾವಣೆಗಳನ್ನು ಮೊದಲು ಬೇರೊಂದು ಲಾಗಿನಲ್ಲಿ ಬರೆಯುವ ಕ್ರಮದಲ್ಲಿ, ಓಡುವಾಗ ಅದು ಮುಖ್ಯ ಫೈಲಿನ ಪಕ್ಕದಲ್ಲಿ ಇನ್ನೆರಡು ಫೈಲುಗಳನ್ನು ಹುಟ್ಟಿಸುತ್ತದೆ, ತೀರ ಇತ್ತೀಚಿನ ದಾಖಲೆಗಳು ಅವುಗಳಲ್ಲೊಂದರಲ್ಲಿ ಮಾತ್ರ ಇರುವ ಸಾಧ್ಯತೆಯಿದೆ. ಮುಖ್ಯ ಫೈಲನ್ನಷ್ಟೇ ಪೆನ್‌ಡ್ರೈವಿಗೆ ಕಾಪಿ ಮಾಡಿ "ಬ್ಯಾಕಪ್ ಆಯಿತು" ಎಂದುಕೊಂಡರೆ ಕೊನೆಯ ಕೆಲವು ತೂಕಗಳು ಹಿಂದೆಯೇ ಉಳಿದಿರುತ್ತವೆ. ಎಸ್‌ಕ್ಯೂಲೈಟ್‌ನದೇ ಬ್ಯಾಕಪ್ ಆದೇಶವನ್ನು ಬಳಸಿ.

ತಾತ್ಕಾಲಿಕ ಫೈಲುಗಳನ್ನು ಎಲ್ಲವನ್ನೂ /ಟಿಎಂಪಿಗೆ ತಳ್ಳುವುದು ಸೋಮಾರಿ ಉತ್ತರ. ಸಂರಚನೆಯನ್ನೋ ಬಿಲ್ಲನ್ನೋ ಸುರಕ್ಷಿತವಾಗಿ ಬದಲಿಸಲು ಹೊಸ ಫೈಲ್ ಬರೆದು, ಎಫ್‌ಸಿಂಕ್ ಮಾಡಿ (ಡಿಸ್ಕಿಗೆ ಮುಟ್ಟಿಸಿ), ಹಳೆಯದರ ಮೇಲೆ ರಿನೇಮ್ ಮಾಡುವ ಕ್ರಮವಿದೆ; ಆ ರಿನೇಮ್ ಒಂದೇ ಏಟಿಗೆ ಆಗುವುದು ಎರಡೂ ಒಂದೇ ಫೈಲ್‌ಸಿಸ್ಟಮ್‌ನಲ್ಲಿದ್ದಾಗ ಮಾತ್ರ. /ಟಿಎಂಪಿ ಬಹಳ ಕಡೆ ಮೆಮೊರಿಯಲ್ಲಿರುವುದರಿಂದ ಅಲ್ಲಿಂದ ರಿನೇಮ್ ವಿಫಲವಾಗುತ್ತದೆ. ಕೊನೆಗೆ ಎಲ್ಲಿರಬೇಕೋ ಆ ಡೈರೆಕ್ಟರಿಯಲ್ಲೇ, ಮುಂದೆ ಒಂದು ಚುಕ್ಕಿಯಿರುವ ಹೆಸರಿನಲ್ಲಿ ಬರೆದು ರಿನೇಮ್ ಮಾಡಿ.

ಅಂಗಡಿಯವರು ಸೇವೆಯಾಗಿ ಅಲ್ಲದೆ ತಾವೇ ತೆರೆಯುವ ಡೆಸ್ಕ್‌ಟಾಪ್ ಪ್ರೋಗ್ರಾಮಾಗಿ ಬಳಸುವ ಭಾಗಕ್ಕೆ ಎಕ್ಸ್‌ಡಿಜಿ ಒಪ್ಪಂದ ಅನ್ವಯಿಸುತ್ತದೆ. ಮನೆ ಡೈರೆಕ್ಟರಿಯಲ್ಲಿ ಚುಕ್ಕಿ ಕಾನ್ಫಿಗ್, ಚುಕ್ಕಿ ಕ್ಯಾಶ್, ಚುಕ್ಕಿ ಲೋಕಲ್‌ನೊಳಗೆ ಷೇರ್ ಮತ್ತು ಸ್ಟೇಟ್ ಎಂಬ ಕೋಣೆಗಳು. ಅರ್ಥ ಮೇಲಿನದ್ದೇ, ಜಾಗ ಮಾತ್ರ ಬೇರೆ. ವಿಂಡೋಸಿನಲ್ಲಿ ಪ್ರೋಗ್ರಾಮ್ ಫೈಲ್ಸ್ ಓದಲು ಮಾತ್ರ, ಎಲ್ಲ ಬಳಕೆದಾರರ ದಾಖಲೆಗೆ ಪ್ರೋಗ್ರಾಮ್ ಡೇಟಾ, ಒಬ್ಬರದಕ್ಕೆ ಆಪ್ ಡೇಟಾ. ವಿಸ್ಟಾ ಆವೃತ್ತಿಯಿಂದ ಈಚೆಗೆ ಕೆಲವು ಹಳೆಯ 32 ಬಿಟ್ ಪ್ರೋಗ್ರಾಮ್‌ಗಳು ಪ್ರೋಗ್ರಾಮ್ ಫೈಲ್ಸ್‌ನಲ್ಲಿ ಬರೆದದ್ದನ್ನು ವಿಂಡೋಸ್ ಸದ್ದಿಲ್ಲದೆ ವರ್ಚುವಲ್ ಸ್ಟೋರ್ ಎಂಬ ಜಾಗಕ್ಕೆ ತಿರುಗಿಸುತ್ತದೆ. ಒಂದೇ ಕಂಪ್ಯೂಟರಿನಲ್ಲಿ ಇಬ್ಬರು ಗುಮಾಸ್ತರಿಗೆ ಬೇರೆ ಬೇರೆ ಲೆಕ್ಕ ಕಾಣುತ್ತಿದ್ದರೆ ಮೊದಲು ಅಲ್ಲಿ ನೋಡಿ.

ದಾರಿಗಳ ಒಡೆತನ ಒಂದೇ ಕಡೆ

ಇಷ್ಟೆಲ್ಲ ಜೋಡಿಸಿದರೂ ನಾಲ್ಕು ಮಾಡ್ಯೂಲ್‌ಗಳು ತಮ್ಮ ತಮ್ಮ ಕೋಡಿನಲ್ಲಿ ದಾರಿಗಳನ್ನು ಬರೆದುಕೊಂಡರೆ ಆರು ತಿಂಗಳಲ್ಲಿ ಮತ್ತೆ ಮೊದಲಿನ ಸ್ಥಿತಿ ಬರುತ್ತದೆ. ದಾರಿಗಳು ಎಂಬ ಒಂದು ಚಿಕ್ಕ ಮಾಡ್ಯೂಲ್ ಮಾಡಿ. ಅದು ಮೊದಲು ಆದೇಶದ ಸಾಲಿನ ಆಯ್ಕೆಯನ್ನು, ಅದಿಲ್ಲದಿದ್ದರೆ ಪರಿಸರದ ಚರಾಕ್ಷರವನ್ನು, ಅದೂ ಇಲ್ಲದಿದ್ದರೆ ಬಿಲ್ಡ್ ಹೊತ್ತಿನಲ್ಲಿ ಸಿಮೇಕ್‌ನಿಂದ ಬಂದ ಪೂರ್ವನಿಯೋಜಿತ ದಾರಿಯನ್ನು ನೋಡಲಿ. ಬೇರೆ ಮಾಡ್ಯೂಲ್‌ಗಳು "ನನ್ನ ಸ್ಥಿತಿಯ ಡೈರೆಕ್ಟರಿ ಕೊಡು" ಎಂದು ತಮ್ಮ ಹೆಸರು ಹೇಳಿ ಕೇಳಲಿ. ಇನ್ನೊಂದು ಮಾಡ್ಯೂಲಿನ ಡೈರೆಕ್ಟರಿಯನ್ನು ಕೇಳುವ ಅವಕಾಶವನ್ನೇ ಕೊಡಬೇಡಿ. ವರದಿಗೆ ತೂಕದ ಲೆಕ್ಕ ಬೇಕಿದ್ದರೆ ತೂಕ ಮಾಡ್ಯೂಲಿನ ಫಂಕ್ಷನ್ ಕರೆಯಬೇಕು, ಅದರ ಫೈಲಿಗೆ ಕೈ ಹಾಕಬಾರದು. ಪ್ರೋಗ್ರಾಮ್ ಎಲ್ಲಿಂದ ಶುರುವಾಯಿತೋ ಆ ಡೈರೆಕ್ಟರಿಯನ್ನು ಆಧರಿಸಿದ ಸಾಪೇಕ್ಷ ದಾರಿ ಎಲ್ಲೂ ಬೇಡ. ನಮ್ಮ ಡೇಟಾಬೇಸ್ ಬಿಲ್ಡ್ ಡೈರೆಕ್ಟರಿಗೆ ಹೋಗಿ ಕುಳಿತದ್ದು ಅಂಥ ಒಂದೇ ಒಂದು ಸಾಲಿನಿಂದ.

ಇದರಿಂದ ಪರೀಕ್ಷೆಗೂ ಅನುಕೂಲವಾಗುತ್ತದೆ. ಪ್ರತಿ ಪರೀಕ್ಷೆಗೆ ಹೊಸದೊಂದು ತಾತ್ಕಾಲಿಕ ಡೈರೆಕ್ಟರಿ ಮಾಡಿ, ಚರಾಕ್ಷರಗಳನ್ನು ಅದರತ್ತ ತಿರುಗಿಸಿದರೆ ಸಾಕು. ನಾಲ್ಕು ಪರೀಕ್ಷೆಗಳು ಒಟ್ಟಿಗೆ ಓಡಿದರೂ ಒಂದನ್ನೊಂದು ತುಳಿಯುವುದಿಲ್ಲ.

ಈಗಾಗಲೇ ಓಡುತ್ತಿರುವ ಪ್ಯಾಕೇಜಾದರೆ

ಎಲ್ಲವನ್ನೂ ಒಂದೇ ರಾತ್ರಿ ಬದಲಿಸಬೇಡಿ. ಕಳೆದರೆ ಮರಳದ ಫೈಲುಗಳನ್ನು ಮೊದಲು ಸ್ಥಳಾಂತರಿಸಿ: ಸೇವೆ ನಿಲ್ಲಿಸಿ, ದಾಖಲೆಗಳನ್ನು /ವರ್/ಲಿಬ್‌ಗೆ ಕಾಪಿ ಮಾಡಿ, ಹಳೆಯದರ ಹೆಸರು ಬದಲಿಸಿ, ಸೇವೆ ಎಬ್ಬಿಸಿ, ಹೊಸ ಬಿಲ್ಲೊಂದನ್ನು ಮಾಡಿ ನೋಡಿ. ಹೆಸರು ಬದಲಿಸುವುದು ಮುಖ್ಯ. ಕಾಪಿ ಮಾತ್ರ ಮಾಡಿದರೆ ಯಾವುದೋ ಮಾಡ್ಯೂಲ್ ಹಳೆಯ ಜಾಗದಲ್ಲೇ ಬರೆಯುತ್ತಿರುವುದು ವಾರದವರೆಗೆ ಗೊತ್ತಾಗುವುದಿಲ್ಲ. ಅದಾದ ಮೇಲೆ ಸಂರಚನೆ, ಆಮೇಲೆ ರನ್, ಕೊನೆಗೆ ಕ್ಯಾಶ್. ಬಿಲ್ಡ್ ಡೈರೆಕ್ಟರಿಯನ್ನು ಯಾವಾಗ ಬೇಕಾದರೂ ಬದಲಿಸಬಹುದು, ಅದು ಗ್ರಾಹಕರ ಕಡೆಯ ಕೆಲಸವಲ್ಲ. ಆವಕದ ಕಾಲದಲ್ಲಿ, ಟೆಂಡರ್ ದಿನದಂದು, ಈ ಯಾವ ಹಂತವನ್ನೂ ಮುಟ್ಟಬೇಡಿ.

ಕೂರಿಸಿ ಹೊರಡುವ ಮುನ್ನ ಅಂಗಡಿಯಲ್ಲೇ ಮೂರು ಕೆಲಸ ಮಾಡುತ್ತೇವೆ. /ವರ್/ಕ್ಯಾಶ್/ರಾಶಿಯ ಒಳಗಿರುವುದನ್ನೆಲ್ಲ ಅಳಿಸಿ ಒಂದು ವರದಿ ತೆಗೆಯುತ್ತೇವೆ. ಪ್ಯಾಕೇಜನ್ನು ಪೂರ್ತಿ ತೆಗೆದು ಮತ್ತೆ ಹಾಕಿ, ನಿನ್ನೆಯ ತೂಕ ಕಾಣುತ್ತದೆಯೇ ಎಂದು ಗುಮಾಸ್ತರಿಗೇ ತೋರಿಸುತ್ತೇವೆ. ಆಮೇಲೆ ಒಂದು ಲಾಟಿನ ತೂಕ ನಡೆದಿರುವಾಗಲೇ ಗೋಡೆಯ ಸ್ವಿಚ್ಚನ್ನು ಆರಿಸುತ್ತೇವೆ. ಮೊದಲ ಸಲ ಹೀಗೆ ಮಾಡಿದಾಗ ಅಂಗಡಿಯ ಮಾಲೀಕರು ಗಾಬರಿಯಿಂದ ಎದ್ದು ನಿಂತರು. ಕಂಪ್ಯೂಟರ್ ಮತ್ತೆ ಶುರುವಾಗಿ, ಯಾರೂ ಕೀಲಿಮಣೆ ಮುಟ್ಟದೆ ಬಿಲ್ಲಿನ ಪರದೆ ಬಂದು, ಅರ್ಧಕ್ಕೆ ನಿಂತಿದ್ದ ಲಾಟಿನ ಹದಿನಾಲ್ಕನೆಯ ಚೀಲದಿಂದ ಲೆಕ್ಕ ಮುಂದುವರಿದ ಮೇಲೆ ಕುಳಿತುಕೊಂಡರು.